ಥಾರ್‌ನಲ್ಲಿ ಸೈಕಲ್: ನೀರು ಹೊತ್ತು ಮಲಗುವುದೋ, ನೀರಿರುವಲ್ಲಿ ಮಲಗುವುದೋ?

ಥಾರ್ ಮರುಭೂಮಿಗೆ ಸೈಕಲ್ ಒಯ್ಯಲು ಸಿದ್ಧರಾದವರ ಪ್ರಶ್ನೆಗಳು ಬಹುಮಟ್ಟಿಗೆ ಇವೇ. ಬೆನ್ನಿಗೆ ಹಾಕುವ ಮೂರು ಲೀಟರಿನ ನೀರಿನ ಚೀಲ ಕೊಳ್ಳಬೇಕೋ, ಬಾಟಲಿಗಳೇ ಸಾಕೋ? ಫಿಲ್ಟರ್ ಬೇಕೋ, ಕ್ಲೋರಿನ್ ಮಾತ್ರೆ ಸಾಕೋ? ಟೆಂಟ್ ಒಯ್ಯಬೇಕೋ, ಢಾಬಾದ ಹೊರಸಿನ ಮೇಲೆ ಮಲಗಿದರಾಯಿತೋ? ಒಂದೊಂದನ್ನೂ ಬೇರೆಬೇರೆಯಾಗಿ ತೀರ್ಮಾನಿಸಹೊರಟರೆ ಹೊರೆ ಹೆಚ್ಚುತ್ತದೆ ಅಷ್ಟೆ. ಮರುಭೂಮಿಯಲ್ಲಿ ನೀರು ಮತ್ತು ರಾತ್ರಿಯ ತಂಗು ಎರಡೂ ಸೇರಿ ಒಂದೇ ತೀರ್ಮಾನ. ಎಲ್ಲಿ ಮಲಗುತ್ತೀರಿ ಎಂದು ಗೊತ್ತಾದರೆ ಎಷ್ಟು ಲೀಟರ್ ಹೊರಬೇಕು ಎಂದು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಪಾತ್ರೆ ಯಾವುದು, ಟೆಂಟ್ ಯಾವುದು ಎಂಬುದು ಹೆಚ್ಚು ತಲೆ ತಿನ್ನುವುದಿಲ್ಲ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಬಿಕಾನೇರ್‌ನಿಂದ ಜೈಸಲ್ಮೇರ್‌ವರೆಗಿನ ದಾರಿ, ರಾಷ್ಟ್ರೀಯ ಹೆದ್ದಾರಿ 11ರಲ್ಲಿ ಸುಮಾರು 330 ಕಿ.ಮೀ. ಯಶವಂತಪುರದಿಂದ ಬಿಕಾನೇರ್‌ಗೆ ನೇರ ರೈಲಿದೆ, ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬಹುದು. ಹಾಗಾಗಿ ಕರ್ನಾಟಕದವರಿಗೆ ಸಲೀಸಾದ ಆರಂಭ ಇದು. ಬಿಕಾನೇರ್‌ನಿಂದ ಕೋಲಾಯತ್ ಸುಮಾರು 50 ಕಿ.ಮೀ., ಅಲ್ಲಿಂದ ಬಾಪ್ 75, ಫಲೋದಿ ಇನ್ನೊಂದು 40, ರಾಮ್‌ದೇವ್ರಾ 45, ಪೋಕರಣ್ 12, ಕೊನೆಗೆ ಲಾಠಿ, ಚಾಂದನ್ ದಾಟಿ ಜೈಸಲ್ಮೇರ್‌ಗೆ 110. ದಿನಕ್ಕೆ 60-70 ಕಿ.ಮೀ. ತುಳಿದರೆ ಐದಾರು ದಿನದ ಪ್ರಯಾಣ.

ಕಾಲ ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಹಗಲು 22ರಿಂದ 28 ಡಿಗ್ರಿ, ರಾತ್ರಿ 5ರಿಂದ 10, ಡಿಸೆಂಬರ್-ಜನವರಿಯ ಕೆಲವು ರಾತ್ರಿ ಅದಕ್ಕೂ ಕೆಳಗೆ. ಮಾರ್ಚ್ ನಡುವಿನ ನಂತರ ಕೆಳಗಿನ ನೀರಿನ ಲೆಕ್ಕವನ್ನೆಲ್ಲ ದುಪ್ಪಟ್ಟು ಮಾಡಿಕೊಳ್ಳಬೇಕಾಗುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಹೋಗಲೇಬೇಡಿ. ಇದೇ ದಾರಿಯ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿದೆ. ಅಂಥ ಬಿಸಿಲಿಗೆ ಯಾವ ಸಲಕರಣೆಯೂ ಉತ್ತರವಲ್ಲ.

ಅಳತೆ ಮೊದಲು, ಸಾಮಾನು ಆಮೇಲೆ

ನಿಮ್ಮ ಬೆವರಿನ ಪ್ರಮಾಣ ನಿಮಗೇ ಗೊತ್ತಿರಬೇಕು. ಊರಲ್ಲೇ ಒಂದು ದಿನ ಮೂತ್ರ ಮಾಡಿ, ಬಟ್ಟೆ ಬಿಚ್ಚಿ ತೂಕ ನೋಡಿ. ಸಾಮಾನು ಹೇರಿದ ಸೈಕಲ್ಲನ್ನು ಪ್ರಯಾಣದ ವೇಗದಲ್ಲಿ ಒಂದು ಗಂಟೆ ತುಳಿಯಿರಿ, ನಡುವೆ ಏನೂ ಕುಡಿಯಬೇಡಿ. ಬಂದು ಬೆವರಿನ ಬಟ್ಟೆ ಬಿಚ್ಚಿ, ಮೈ ಒರೆಸಿಕೊಂಡು ಮತ್ತೆ ತೂಗಿ. ಕಡಿಮೆಯಾದ ಪ್ರತಿ ನೂರು ಗ್ರಾಂ ಎಂದರೆ ನೂರು ಮಿಲಿ ಬೆವರು. 25 ಡಿಗ್ರಿಯ ಬಿಸಿಲಲ್ಲಿ ಹೆಚ್ಚಿನವರಿಗೆ ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಬರುತ್ತದೆ. 35 ದಾಟಿದರೆ ಒಂದು ಲೀಟರ್ ಮೀರುವುದು ಸಾಮಾನ್ಯ. ಥಾರ್‌ನ ಒಣಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲುವುದಿಲ್ಲ, ಅಂಗಿ ಒದ್ದೆಯಾಗುವುದಿಲ್ಲ. ಮಂಗಳೂರಿನ ಸೆಕೆಗೆ ಒಗ್ಗಿದವರು ಇಲ್ಲಿ ಬೆವರೇ ಇಲ್ಲ ಅಂದುಕೊಂಡು ಕಡಿಮೆ ಕುಡಿಯುತ್ತಾರೆ. ಸಂಜೆಗೆ ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿದಾಗ ಎಷ್ಟು ಹೋಗಿದೆ ಎಂದು ತಿಳಿಯುತ್ತದೆ.

ಮುಂದಿನದು, ಖಾತ್ರಿ ನೀರು ಎಲ್ಲಿದೆ ಎಂಬುದು. ನಕ್ಷೆಯಲ್ಲಿ ಕಾಣುವ ನೀಲಿ ಚುಕ್ಕೆ ಖಾತ್ರಿಯಲ್ಲ, ಅದು ಮಳೆಗಾಲ ಕಳೆದ ಮೇಲೆ ಬಿರುಕು ಬಿಟ್ಟ ಕೆರೆಯಂಗಳವಾಗಿರಬಹುದು, ಉಪ್ಪಿನ ಹರವೂ ಆಗಿರಬಹುದು. ಊರು, ಪೆಟ್ರೋಲ್ ಬಂಕ್, ನಡೆಯುತ್ತಿರುವ ಢಾಬಾ, ಜನ ಇರುವ ದೇವಸ್ಥಾನ, ಇವು ಖಾತ್ರಿ. ಹೊರಡುವ ಮುನ್ನ ಲಾರಿ ಚಾಲಕರನ್ನೋ ಢಾಬಾದವರನ್ನೋ "ಆಗೇ ಪೀನೇ ಕಾ ಪಾನೀ ಕಹಾಂ ಮಿಲೇಗಾ" (ಮುಂದೆ ಕುಡಿಯುವ ನೀರು ಎಲ್ಲಿ ಸಿಗುತ್ತದೆ) ಎಂದು ಕೇಳಿ. "ಪೀನೇ ಕಾ" ಎನ್ನುವುದನ್ನು ಬಿಡಬೇಡಿ. ದನಕರುಗಳಿಗೆ ಕಟ್ಟಿದ ತೊಟ್ಟಿಯ ಉಪ್ಪುನೀರೂ ಅವರ ಲೆಕ್ಕದಲ್ಲಿ ನೀರೇ.

ಇನ್ನು ರಾತ್ರಿಯ ನೀರು. ಹೆಚ್ಚಿನವರು ತಪ್ಪುವುದು ಇಲ್ಲಿ, ಏಕೆಂದರೆ ತುಳಿಯುವಾಗಿನ ನೀರನ್ನು ಮಾತ್ರ ಲೆಕ್ಕ ಹಾಕಿರುತ್ತಾರೆ. ಒಬ್ಬರಿಗೆ ಅಕ್ಕಿ-ಬೇಳೆ ಬೇಯಿಸಲು ಮುಕ್ಕಾಲು ಲೀಟರ್, ಸಂಜೆಯಿಂದ ಬೆಳಗಿನವರೆಗೆ ಕುಡಿಯಲು ಒಂದು ಲೀಟರ್, ಬೆಳಗಿನ ಚಹಾ-ಉಪ್ಪಿಟ್ಟಿಗೆ ಅರ್ಧ, ಪಾತ್ರೆ, ಹಲ್ಲು, ಶೌಚ ಎಲ್ಲ ಸೇರಿ ಮುಕ್ಕಾಲು. ಮೂರು ಲೀಟರ್ ಆಯಿತು. ಊಟ ಢಾಬಾದಲ್ಲೇ ಮುಗಿಸಿದರೆ ಒಂದೂವರೆಗೆ ಇಳಿಯುತ್ತದೆ.

ಕಡೆಯದು ಕೈಯಿಟ್ಟು ಮುಟ್ಟದ ನೀರು, ಎರಡು ಲೀಟರ್. ಟಯರ್ ಹರಿದರೆ, ಎದುರುಗಾಳಿ ಎದ್ದರೆ, ಜ್ವರ ಬಂದರೆ ಮಾತ್ರ ಅದರ ಮುಚ್ಚಳ ತೆಗೆಯಬೇಕು.

ಈಗ ಕೂಡಿಸಿ ನೋಡಿ. ಬೆಳಿಗ್ಗೆ ಖಾತ್ರಿ ನೀರಿಗೆ 40 ಕಿ.ಮೀ. ಇದೆ ಎಂದಿಟ್ಟುಕೊಳ್ಳಿ. ಗಂಟೆಗೆ 15 ಕಿ.ಮೀ.ಯಂತೆ ಮೂರು ಗಂಟೆಗೆ ತುಸು ಕಡಿಮೆ. ಮೂರು ಗಂಟೆ ಎಂದೇ ಹಿಡಿದರೆ, ಗಂಟೆಗೆ 0.6 ಲೀಟರಿನಂತೆ ನೀರು 1.8 ಲೀಟರ್. ಬಯಲಲ್ಲಿ ಅಡುಗೆ ಮಾಡಿ ಮಲಗುವವರು ಸಂಜೆ ಊರು ಬಿಡುವಾಗ 3 + 1.8 + 2, ಅಂದರೆ ಸುಮಾರು 7 ಲೀಟರ್ ತುಂಬಿಕೊಂಡಿರಬೇಕು. ಢಾಬಾದಲ್ಲಿ ಉಂಡು ಮುಂದೆ ಹೋಗಿ ಮಲಗುವವರಿಗೆ ಐದೂವರೆ ಸಾಕು. ನೀರಿರುವಲ್ಲೇ ಮಲಗುವವರು ಬೆಳಿಗ್ಗೆ ನಾಲ್ಕು ತುಂಬಿಕೊಂಡರೆ ಮುಗಿಯಿತು. ಉಳಿದ ಆಯ್ಕೆಗಳನ್ನೆಲ್ಲ ಈ ಏಳು, ಐದೂವರೆ, ನಾಲ್ಕರ ಮುಂದಿಟ್ಟು ತೂಗಿ. ಎದುರುಗಾಳಿಯಲ್ಲಿ ವೇಗ ಗಂಟೆಗೆ ಹತ್ತಕ್ಕಿಳಿದರೆ ಅದೇ 40 ಕಿ.ಮೀ.ಗೆ 2.4 ಲೀಟರ್ ಬೇಕಾಗುತ್ತದೆ. ಚಳಿಗಾಲದ ಗಾಳಿ ಹೆಚ್ಚಾಗಿ ಉತ್ತರ, ಈಶಾನ್ಯದ ಕಡೆಯಿಂದ ಬೀಸುತ್ತದೆ. ಜೈಸಲ್ಮೇರ್‌ನಿಂದ ಹೊರಡುವುದಕ್ಕಿಂತ ಬಿಕಾನೇರ್‌ನಿಂದ ಹೊರಡುವುದು ಮೇಲು ಎನ್ನುವುದಕ್ಕೆ ಇದೂ ಒಂದು ಕಾರಣ.

ಎಲ್ಲಿ ಮಲಗುವುದು

ಮರಳ ದಿಬ್ಬದ ಮೇಲೆ ಟೆಂಟ್, ಮೇಲೆ ನಕ್ಷತ್ರ. ಮನಸ್ಸಿನಲ್ಲಿರುವ ಚಿತ್ರ ಇದೇ, ಮತ್ತು ಅದು ನಿಜಕ್ಕೂ ಅಷ್ಟೇ ಚೆಂದ. ಆದರೆ ಅದಕ್ಕೆ ತೆರಬೇಕಾದ ಬೆಲೆ ಏಳು ಲೀಟರ್ ನೀರು, ಮರಳಲ್ಲಿ ಹೊತ್ತೊಯ್ಯಬೇಕಾದ ಸೈಕಲ್, ನೆಲ ಹಿಡಿಯದ ಗೂಟ. ದಿಬ್ಬದ ನೆತ್ತಿಯಲ್ಲಿ ಗಾಳಿ ಜಾಸ್ತಿ, ತೀರಾ ತಗ್ಗಿನಲ್ಲಿ ಚಳಿಗಾಳಿ ಬಂದು ಕೂರುತ್ತದೆ. ನಡುವೆ, ಗಾಳಿಗೆ ಬೆನ್ನು ಕೊಟ್ಟ ಮಗ್ಗುಲಲ್ಲಿ ಗಟ್ಟಿ ನೆಲ ಹುಡುಕಿ. ಹಳ್ಳದ ಪಾತ್ರದಲ್ಲೂ, ಒಡ್ಡು ಕಟ್ಟಿ ಮಳೆನೀರು ನಿಲ್ಲಿಸಿ ಬೆಳೆ ತೆಗೆಯುವ ಖಡೀನ್ ಹೊಲಗಳಲ್ಲೂ ಮಲಗಬೇಡಿ. ಚಳಿಗಾಲದಲ್ಲೂ 'ಮಾವಠ್' ಎಂಬ ಮಳೆ ಒಮ್ಮೊಮ್ಮೆ ಬರುತ್ತದೆ.

ಬಯಲಲ್ಲಿ ಮಲಗುವವರು ತಿಳಿದಿರಬೇಕಾದ ಇನ್ನೊಂದು ಸಂಗತಿ ಮುಳ್ಳು. ದಾರಿಯ ಎರಡೂ ಬದಿಗೆ ಹಬ್ಬಿರುವ ವಿಲಾಯತಿ ಬಬೂಲ್ ಬೇರೆ ಯಾವುದೂ ಅಲ್ಲ, ನಮ್ಮ ಬಳ್ಳಾರಿ ಜಾಲಿ. ನೆಲದಲ್ಲಿ ಹರಡಿಕೊಂಡಿರುವ ಗೋಖ್ರೂ ಎಂದರೆ ನೆಗ್ಗಿಲು ಮುಳ್ಳು. ಅದು ಯಾವ ಮಗ್ಗುಲಲ್ಲಿ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಂತಿರುತ್ತದೆ. ಡಾಂಬರು ಬಿಟ್ಟು ಕೆಳಗಿಳಿದ ತಕ್ಷಣ ಸೈಕಲ್ ನೂಕಬೇಡಿ. ಚೀಲಗಳನ್ನು ಬಿಚ್ಚಿ ಒಯ್ದಿಟ್ಟು ಬಂದು, ಬರಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತೊಯ್ಯಿರಿ. ಬೆಳಿಗ್ಗೆ ರಸ್ತೆಗೆ ಬಂದ ಮೇಲೆ ಎರಡೂ ಟಯರನ್ನು ದಪ್ಪ ಬಟ್ಟೆಯಿಂದ ಸವರಿ ನೋಡಿ, ಸಿಕ್ಕಿದ ಮುಳ್ಳನ್ನು ಆಗಲೇ ಕೀಳಿ. ಬಿಟ್ಟರೆ ಅದು ಹತ್ತು ಕಿಲೋಮೀಟರ್ ಆದ ಮೇಲೆ ಟ್ಯೂಬ್ ಮುಟ್ಟುತ್ತದೆ. ಟಯರಿಗೆ ಸೀಲೆಂಟ್, ಅಂದರೆ ಸಣ್ಣ ತೂತನ್ನು ತಾನೇ ಮುಚ್ಚುವ ದ್ರವ, ಹಾಕಿಸಿದ್ದರೂ ಎರಡು ಟ್ಯೂಬ್, ಹತ್ತು ಪ್ಯಾಚ್ ಇಟ್ಟುಕೊಳ್ಳಿ. ಪಂಕ್ಚರ್ ಎಂದರೆ ಬಿಸಿಲಲ್ಲಿ ನಿಂತ ಹೊತ್ತು, ಆ ಹೊತ್ತಿಗೂ ನೀರು ಬೇಕು.

ಎಲ್ಲೆಂದರಲ್ಲಿ ಬಯಲು ಸಿಗುವುದೂ ಇಲ್ಲ. ಪೋಕರಣ್ ಸುತ್ತ ಮತ್ತು ಚಾಂದನ್ ಬಳಿ ಸೇನೆಯ, ವಾಯುಪಡೆಯ ಗುಂಡು ಹಾರಿಸುವ ಪ್ರದೇಶಗಳಿವೆ. ಫಲಕ, ತಂತಿಬೇಲಿ ಕಂಡರೆ ಆ ಕಡೆ ಹೆಜ್ಜೆಯಿಡಬೇಡಿ, ಸಿಡಿಯದೆ ಉಳಿದ ಮದ್ದುಗುಂಡು ಮರಳಲ್ಲಿ ಹೂತಿರಬಹುದು. ಜೈಸಲ್ಮೇರ್‌ನ ಪಶ್ಚಿಮಕ್ಕಿರುವ ಡೆಸರ್ಟ್ ನ್ಯಾಷನಲ್ ಪಾರ್ಕ್‌ನೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವಂತಿಲ್ಲ. ಅದು ಗ್ರೇಟ್ ಇಂಡಿಯನ್ ಬಸ್ಟರ್ಡ್‌ನ, ನಮ್ಮ ಸಿರುಗುಪ್ಪದ ಕಡೆಯವರು ಎರೆಭೂತ ಎನ್ನುವ ಹಕ್ಕಿಯ, ಉಳಿದಿರುವ ಮುಖ್ಯ ನೆಲೆ. ಗಡಿಯ ಹತ್ತಿರದ ಹಳ್ಳಿಗಳಿಗೆ ಹೋಗುವುದಿದ್ದರೆ ಜಿಲ್ಲಾಡಳಿತದ ಅನುಮತಿ ಬೇಕೋ ಎಂದು ಜೈಸಲ್ಮೇರ್‌ನಲ್ಲೇ ವಿಚಾರಿಸಿ, ತಂಗುವ ಜಾಗವನ್ನು ಹತ್ತಿರದ ಠಾಣೆಗೆ ತಿಳಿಸಿ. ಹೊರದೇಶದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಎಚ್ಚರಿಕೆ: ಅಲ್ಲಿ ಬಳಸುವ ಉಪಗ್ರಹ ಫೋನ್, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳನ್ನು ಪರವಾನಗಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಸುರಕ್ಷತೆಗೆಂದು ತಂದದ್ದೇ ವಿಮಾನ ನಿಲ್ದಾಣದಲ್ಲಿ ತೊಂದರೆಯಾಗಬಹುದು.

ಢಾಬಾದ ಹೊರಸು ಇದಕ್ಕೆ ಪೂರ್ತಿ ವಿರುದ್ಧ. ಉಂಡವರಿಗೆ ಮಲಗಲು ಜಾಗ ಕೊಡುವುದು ಲಾರಿಯವರ ಕಾಲದಿಂದ ಬಂದ ರೂಢಿ. ನೀರು, ಬೆಳಕು, ಪಕ್ಕದಲ್ಲಿ ಜನ, ಬೆಳಿಗ್ಗೆ ಚಹಾ. ನೆಲದಿಂದ ಒಂದೂವರೆ ಅಡಿ ಮೇಲಿರುವುದರಿಂದ ಚೇಳು, ಹಾವಿನ ಭಯವೂ ಕಡಿಮೆ. ತೊಂದರೆಗಳು ಎರಡು. ರಾತ್ರಿಯಿಡೀ ಹಾರ್ನ್ ಮತ್ತು ಇಂಜಿನ್ ಸದ್ದು ಒಂದಾದರೆ, ಹೊರಸಿನ ಹೆಣಿಗೆಯ ಸಂದಿಯಿಂದ ನುಗ್ಗುವ ಚಳಿ ಇನ್ನೊಂದು. ಮೇಲೆ ಎಷ್ಟು ಹೊದ್ದರೂ ಬೆನ್ನು ತಣ್ಣಗಾಗುತ್ತದೆ. ಕೆಳಗೆ ಫೋಮ್ ಮ್ಯಾಟ್ ಹಾಸಿಕೊಳ್ಳದೆ ಮಲಗಬೇಡಿ. ಹೆಂಗಸರು ಒಂಟಿಯಾಗಿ ಹೋಗುತ್ತಿದ್ದರೆ ಹೆದ್ದಾರಿ ಢಾಬಾಕ್ಕಿಂತ ಮುಂದೆ ಹೇಳುವ ಧರ್ಮಶಾಲೆಗಳೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಧರ್ಮಶಾಲೆಗಳ ವಿಷಯದಲ್ಲಿ ಈ ದಾರಿ ಪುಣ್ಯವಂತರದು. ಕೋಲಾಯತ್‌ನಲ್ಲಿ ಕಪಿಲ ಮುನಿಯ ಸರೋವರದ ಸುತ್ತ, ರಾಮ್‌ದೇವ್ರಾದಲ್ಲಿ ಬಾಬಾ ರಾಮ್‌ದೇವ್‌ಜೀಯ ಸಮಾಧಿಯ ಸುತ್ತ ಯಾತ್ರಿಗಳಿಗೆಂದೇ ಕಟ್ಟಿದವು ಸಾಲಾಗಿವೆ. ಆಧಾರ್ ಕಾರ್ಡ್ ತೋರಿಸಬೇಕು, ಸೈಕಲ್ ಒಳಗಿಡಲು ಕೇಳಬೇಕು. ಕಾರ್ತಿಕ ಹುಣ್ಣಿಮೆಗೆ ಕೋಲಾಯತ್ ಜಾತ್ರೆ. ಆ ದಿನಗಳಲ್ಲಿ ಅಲ್ಲಿ ಕೋಣೆಯ ಆಸೆ ಬಿಡಿ.

ಬಯಲು ಮತ್ತು ಸೂರು ಎರಡರ ನಡುವೆ ಇರುವ ಆಯ್ಕೆ ಢಾಣಿ, ಅಂದರೆ ಹೊಲದ ನಡುವಿನ ನಾಲ್ಕಾರು ಮನೆಗಳ ಗುಂಪು. ಹೊಲದ ಅಂಚಿನಲ್ಲಿ ಟೆಂಟ್ ಹಾಕಲು ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಕತ್ತಲಾಗುವ ಒಂದು ಗಂಟೆ ಮುಂಚೆ ಹೋಗಿ, ಅಂಗಳದ ಹೊರಗೇ ನಿಂತು "ರಾಮ್ ರಾಮ್ ಸಾ" ಎನ್ನಿ, ಮನೆಯ ಹಿರಿಯರು ಬರುವವರೆಗೆ ಕಾಯಿರಿ. ಅಂಗಳದಲ್ಲಿ ಗುಂಡಗೆ ಗಾರೆ ಮಾಡಿದ ಕಟ್ಟೆ, ನಡುವೆ ಮುಚ್ಚಳ ಕಂಡರೆ ಅದು ಟಾಂಕಾ. ಮಳೆಗಾಲದಲ್ಲಿ ಆ ಕಟ್ಟೆಯ ಮೇಲೆ ಬಿದ್ದ ನೀರೆಲ್ಲ ನೆಲದಡಿಯ ತೊಟ್ಟಿಗೆ ಇಳಿದಿರುತ್ತದೆ, ತಿಂಗಳುಗಟ್ಟಲೆ ಆ ಮನೆ ಕುಡಿಯುವುದು ಅದನ್ನೇ. ಚಪ್ಪಲಿ ಹಾಕಿಕೊಂಡು ಅದರ ಮೇಲೆ ಕಾಲಿಡಬೇಡಿ, ಮುಚ್ಚಳ ನೀವಾಗಿ ತೆಗೆಯಬೇಡಿ. ಅವರು ಕೊಟ್ಟರೆ ಕುಡಿಯಲು ಎರಡು ಲೀಟರ್ ತೆಗೆದುಕೊಳ್ಳಿ. ಪಾತ್ರೆ ತೊಳೆಯಲು ಮರಳಿದೆ, ಉಜ್ಜಿ ಒರೆಸಿದರೆ ಎಣ್ಣೆಜಿಡ್ಡೂ ಹೋಗುತ್ತದೆ. ಒಲೆಗೆ ಖೇಜ್ರಿಯ ಕೊಂಬೆ ಮುರಿಯಬೇಡಿ. ಖೇಜ್ರಿ ಎಂದರೆ ನಾವು ದಸರೆಯಲ್ಲಿ ಪೂಜಿಸುವ ಬನ್ನಿ. ಈ ಮರಗಳನ್ನು ಉಳಿಸಲು 1730ರಲ್ಲಿ ಜೋಧ್‌ಪುರ ಬಳಿಯ ಖೇಜಡ್ಲಿಯಲ್ಲಿ ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟ ನೆಲ ಇದು.

ಮರಳುದಿಬ್ಬದ ಹಳ್ಳಿಗಳಾದ ಸಮ್, ಖೂರಿಯ ಪ್ರವಾಸಿ ಟೆಂಟ್‌ಗಳು ಜೈಸಲ್ಮೇರ್ ಮುಟ್ಟಿದ ಮೇಲಿನ ಮಾತು. ಹಾಸಿಗೆ, ಸ್ನಾನ, ಊಟ ಎಲ್ಲ ಇದೆ. ತಡರಾತ್ರಿಯವರೆಗೆ ಧ್ವನಿವರ್ಧಕವೂ ಇರುತ್ತದೆ. ಮೌನ ಬೇಕಾದವರಿಗೆ ಸಮ್‌ಗಿಂತ ಖೂರಿ ವಾಸಿ.

ಯಾವುದರಲ್ಲಿ ಹೊರುವುದು

ಫ್ರೇಮಿನ ಬಾಟಲ್ ಕೇಜ್‌ಗಳಲ್ಲಿ ಮುಕ್ಕಾಲು ಲೀಟರಿನ ಮೂರು ಬಾಟಲಿ ಹಿಡಿದರೆ ಎರಡೂಕಾಲು ಲೀಟರ್. ನೀರಿರುವಲ್ಲೇ ಮಲಗುವವರಿಗೆ ಇದಕ್ಕೆ ಚೀಲದೊಳಗೆ ಎರಡು ಲೀಟರ್ ಸೇರಿಸಿದರೆ ಸಾಕು. ಬೇರೇನೂ ಕೊಳ್ಳಬೇಡಿ.

ಬೆನ್ನಿನ ನೀರುಚೀಲದ ಮೇಲೆ ನಮಗೆ ಹೆಚ್ಚು ಒಲವಿಲ್ಲ. ಕೊಳವೆಯಿಂದ ಹೀರುತ್ತ ತುಳಿಯಬಹುದು, ಕುಡಿಯಲು ಮರೆಯುವವರಿಗೆ ಅದು ನಿಜವಾದ ಉಪಕಾರ. ಆದರೆ ಮೂರು ಕಿಲೋ ಭಾರ ದಿನವಿಡೀ ಸೊಂಟ ಮತ್ತು ಸೀಟಿನ ಮೇಲೆ ಬೀಳುತ್ತದೆ, ಬೆನ್ನಿಗೆ ಗಾಳಿಯಾಡದೆ ಬೆವರು ಹೆಚ್ಚುತ್ತದೆ, ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಹೀರುವ ತುದಿಗೆ ಮರಳು ಸಿಕ್ಕಿದರೆ ತೊಟ್ಟಿಕ್ಕಲು ಶುರು. ಕೆಳಗಿಟ್ಟ ಚೀಲದ ಮೇಲೆ ರಾತ್ರಿ ಯಾರೋ ಒರಗಿದರೆ ಬೆಳಿಗ್ಗೆ ನೀರೂ ಇಲ್ಲ, ಒಣಗಿದ ಹಾಸಿಗೆಯೂ ಇಲ್ಲ. ಈಗಾಗಲೇ ಇದ್ದರೆ ಒಯ್ಯಿರಿ, ಆದರೆ ಬೆನ್ನಿಗಲ್ಲ, ಕ್ಯಾರಿಯರ್ ಮೇಲೆ ಕಟ್ಟಿ, ತುದಿಗೆ ಮುಚ್ಚಳ ಹಾಕಿ.

ಐದೂವರೆಯಿಂದ ಏಳು ಲೀಟರಿಗೆ ಕೈಗೆಟಕುವ, ನಂಬಬಹುದಾದ ಪಾತ್ರೆ ಎಂದರೆ ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ. ಗ್ಯಾಸಿನ ಒತ್ತಡ ತಡೆಯಲು ಮಾಡಿದ್ದರಿಂದ ಅದರ ಗೋಡೆ, ಮುಚ್ಚಳ ಎರಡೂ ಗಟ್ಟಿ. ಬರಿ ನೀರು ಮಾರುವ ತೆಳು ಬಾಟಲಿ ಹಾಗಲ್ಲ. ಅದು ಕ್ಯಾರಿಯರ್ ಕಂಬಿಗೆ ಒಂದು ದಿನ ಉಜ್ಜಿದರೆ ಸಾಕು, ಮಡಿಕೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಕೂಲ್‌ಡ್ರಿಂಕ್ ಬಾಟಲಿಗಳನ್ನು ಮುಂದಿನ ಫೋರ್ಕಿನ ಎರಡೂ ಕಡೆ ದೊಡ್ಡ ಕೇಜ್ ಹಾಕಿ ಸಮನಾಗಿ ಕಟ್ಟಿ. ಒಂದು ಕಡೆಯದನ್ನೇ ಕುಡಿದು ಖಾಲಿ ಮಾಡಿದರೆ ಹ್ಯಾಂಡಲ್ ಎಳೆಯುತ್ತದೆ. ಫೋರ್ಕಿಗೆ ತೂತುಗಳಿಲ್ಲದಿದ್ದರೆ ಕೆಳಗೆ ಟ್ಯೂಬಿನ ರಬ್ಬರ್ ಸುತ್ತಿ ಹೋಸ್ ಕ್ಲ್ಯಾಂಪ್ ಬಿಗಿಯಬಹುದು. ಕಾರ್ಬನ್ ಫೋರ್ಕಿಗೆ ಮಾತ್ರ ಬೇಡ. ಕೇಜ್ ಬೋಲ್ಟುಗಳನ್ನು ದಿನಾ ಸಂಜೆ ಒಂದು ಸುತ್ತು ನೋಡಿ, ಕಿತ್ತುಹೋದ ರಸ್ತೆಯಲ್ಲಿ ಅವು ಸಡಿಲಗೊಂಡೇ ಇರುತ್ತವೆ.

ಬಯಲಲ್ಲಿ ಮಲಗುವುದು ವಾರದಲ್ಲಿ ಒಂದೋ ಎರಡೋ ದಿನವಾದರೆ ಮಡಚುವ ನೀರುಚೀಲ ಒಳ್ಳೆಯದು. ನಾಲ್ಕು ಲೀಟರಿನ, ಹೊರಗೆ ಬಟ್ಟೆಯ ಹೊದಿಕೆ ಇರುವಂಥದ್ದು. ಖಾಲಿಯಾದಾಗ ಮುಷ್ಟಿಯಷ್ಟು. ಬೆಲೆ ಬಾಟಲಿಗಿಂತ ಎಷ್ಟೋ ಪಟ್ಟು ಹೆಚ್ಚು, ಮುಳ್ಳು ಚುಚ್ಚಿದರೆ ಹೋಯಿತು. ಆದ್ದರಿಂದ ಇರುವ ನೀರನ್ನೆಲ್ಲ ಒಂದೇ ಚೀಲಕ್ಕೆ ಸುರಿಯಬೇಡಿ. ಐದು ಲೀಟರಿನ ಎಣ್ಣೆ ಕ್ಯಾನ್ ಗಟ್ಟಿ, ಅಗ್ಗ. ಆದರೆ ಅರ್ಧ ಖಾಲಿಯಾದಾಗ ನೀರು ಕುಲುಕಿ ಹಿಂದಿನ ಚಕ್ರ ತೂಗಾಡುತ್ತದೆ, ಎಣ್ಣೆಯ ಕಮಟು ಎಷ್ಟು ತೊಳೆದರೂ ಒಂದು ವಾರ ಉಳಿಯುತ್ತದೆ.

ರಾಜಸ್ಥಾನದವರದೇ ಒಂದು ಉಪಾಯವಿದೆ, ಛಾಗಲ್. ದಪ್ಪ ಕ್ಯಾನ್ವಾಸಿನ ನೀರುಚೀಲ, ಒಂಟೆಗೂ ಜೀಪಿಗೂ ತೂಗುಹಾಕುವಂಥದ್ದು. ಬಟ್ಟೆಯಿಂದ ಜಿನುಗಿದ ನೀರು ಗಾಳಿಗೆ ಆರುತ್ತ ಒಳಗಿನದನ್ನು ಮಡಕೆಯ ನೀರಿನಂತೆ ತಂಪಾಗಿಡುತ್ತದೆ. ಆದರೆ ಜಿನುಗಿದ್ದು ನಿಮ್ಮ ಲೆಕ್ಕದಿಂದಲೇ ಹೋದದ್ದು, ಹಾಗಾಗಿ ಮುಟ್ಟದ ನೀರನ್ನು ಅದರಲ್ಲಿ ಇಡುವಂತಿಲ್ಲ. ತಂಪು ನೀರಷ್ಟೇ ಬೇಕಿದ್ದರೆ ಹಳೆಯ ಉಣ್ಣೆ ಕಾಲುಚೀಲವನ್ನು ಒಂದು ಬಾಟಲಿಗೆ ತೊಡಿಸಿ, ಗಂಟೆಗೊಮ್ಮೆ ಎರಡು ಚಮಚ ನೀರು ಚಿಮುಕಿಸಿ. ಕೆಲಸ ಅದೇ, ಖರ್ಚಿಲ್ಲ.

ಕುಡಿಯಲು ಯೋಗ್ಯ ಮಾಡುವುದು

ಹಿಮಾಲಯಕ್ಕೋ ಮಲೆನಾಡಿಗೋ ಬರೆದ ಸಲಹೆ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಪಶ್ಚಿಮ ರಾಜಸ್ಥಾನದ ಅಂತರ್ಜಲದ ದೊಡ್ಡ ತೊಡಕು ಉಪ್ಪು ಮತ್ತು ಫ್ಲೋರೈಡ್. ಹಿಂಡುವ ಫಿಲ್ಟರ್ (ಚೀಲ ಹಿಂಡಿ ನೀರು ಸೋಸುವಂಥದ್ದು), ಕ್ಲೋರಿನ್ ಮಾತ್ರೆ, ಯುವಿ ದೀಪ, ಯಾವುದೂ ಉಪ್ಪನ್ನು ತೆಗೆಯುವುದಿಲ್ಲ. ಕುದಿಸಿದರೆ ಆವಿಯಾದಷ್ಟು ಉಪ್ಪು ಗಟ್ಟಿಯಾಗುತ್ತದೆ. ಉಪ್ಪುನೀರು ಕುಡಿದರೆ ಬಾಯಾರಿಕೆ ಹೆಚ್ಚಿ, ಹೊಟ್ಟೆ ಸಡಿಲಾಗಿ, ಇದ್ದ ನೀರೂ ಹೋಗುತ್ತದೆ. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ, ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಪೆನ್ನು ಫಿಲ್ಟರಿಗಿಂತ ಮೊದಲು ಕೊಳ್ಳಬೇಕಾದ ವಸ್ತು. ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 2000ದವರೆಗೆ ಒಪ್ಪಬಹುದು. ಅದಕ್ಕೂ ಮೇಲಿದ್ದರೆ ಕೈಕಾಲು ತೊಳೆಯಲು ಮಾತ್ರ. ಪೆನ್ನು ಫ್ಲೋರೈಡನ್ನು ತೋರಿಸುವುದಿಲ್ಲ, ಆದರೆ ಫ್ಲೋರೈಡಿನ ಕೆಡುಕು ವರ್ಷಗಟ್ಟಲೆ ಕುಡಿಯುವವರ ಹಲ್ಲು, ಮೂಳೆಗೆ. ಒಂದು ವಾರದ ಪ್ರಯಾಣಿಕರು ಅದಕ್ಕೆ ಹೆದರಬೇಕಿಲ್ಲ. ಲಾಠಿ, ಚಾಂದನ್ ಸುತ್ತಲಿನ ಕೊಳವೆಬಾವಿಯ ನೀರು ಸಿಹಿ ಎಂದು ಹೆಸರಾದದ್ದು, ಜೈಸಲ್ಮೇರ್ ಕಡೆಯ ಕೊನೆಯ ಹಾದಿಯಲ್ಲಿ ಅದು ದೊಡ್ಡ ಅನುಕೂಲ.

ಊರುಗಳಲ್ಲಿ 'ಕ್ಯಾಂಪರ್' ಎಂದು ಕೇಳಿ. ಆರ್‌ಓ ನೀರು ತುಂಬಿದ ದೊಡ್ಡ ತಂಪು ಡಬ್ಬಕ್ಕೆ ಅಲ್ಲಿ ಆ ಹೆಸರು, ಅಂಗಡಿಯವರು ಅದರಿಂದ ನಿಮ್ಮ ಬಾಟಲಿ ತುಂಬಿಸಿಕೊಡುತ್ತಾರೆ. ಇಡೀ ಹೆದ್ದಾರಿ 11ಕ್ಕೆ ಇದೇ ಮುಖ್ಯ ಮೂಲವಾದರೂ ಅಡ್ಡಿಯಿಲ್ಲ. ಟಾಂಕಾ ನೀರಿನಲ್ಲಿ ಉಪ್ಪಿಲ್ಲ, ಆದರೆ ಕ್ರಿಮಿ ಇರಬಹುದು, ಅದಕ್ಕೆ ಕ್ಲೋರಿನ್ ಮಾತ್ರೆ ಸಾಕು. ಎಷ್ಟು ಲೀಟರಿಗೆ ಒಂದು ಎಂದು ಪೊಟ್ಟಣದ ಮೇಲೆ ನೋಡಿ ಹಾಕಿ, ಅರ್ಧ ಗಂಟೆ ಬಿಡಿ.

ಫಿಲ್ಟರ್ ಬೇಕಾಗುವುದು ಇಂದಿರಾ ಗಾಂಧಿ ಕಾಲುವೆಯ ನೀರಿಗೆ. ಪಂಜಾಬಿನ ಹರಿಕೆಯಿಂದ ಬರುವ ಆ ನೀರಿನಲ್ಲಿ ಉಪ್ಪು ಕಡಿಮೆ, ಆದರೆ ರೇವೆ ಮತ್ತು ಕೊಳೆ ಎರಡೂ ಇವೆ. 0.1 ಮೈಕ್ರಾನಿನ ಹಿಂಡುವ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ವೈರಸ್ ತಡೆಯುವುದಿಲ್ಲ. ರೇವೆಯ ನೀರನ್ನು ನೇರ ಹಿಂಡಿದರೆ ಎರಡೇ ದಿನಕ್ಕೆ ಕಟ್ಟಿಕೊಳ್ಳುತ್ತದೆ. ಪಟಿಕ ಆಡಿಸಿ ಒಂದು ಗಂಟೆ ಬಿಟ್ಟು, ತಿಳಿಯನ್ನು ನಾಲ್ಕು ಮಡಿಕೆಯ ಪಂಚೆಯಲ್ಲಿ ಸೋಸಿ, ಆಮೇಲೆ ಹಿಂಡಿ, ಕೊನೆಗೆ ಕ್ಲೋರಿನ್ ಹಾಕಿ. ಸೊನ್ನೆ ಡಿಗ್ರಿಗಿಳಿಯುವ ರಾತ್ರಿ ಫಿಲ್ಟರನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಒಳಗಿನ ಎಳೆಗಳಲ್ಲಿ ನೀರು ಹೆಪ್ಪುಗಟ್ಟಿದರೆ ಅವು ಒಡೆಯುತ್ತವೆ, ಹೊರಗಿನಿಂದ ಏನೂ ತಿಳಿಯುವುದಿಲ್ಲ. ಕಾಲುವೆಗೆ ಇಳಿದು ನೀರು ತುಂಬಬೇಡಿ. ಕಾಂಕ್ರೀಟಿನ ಇಳಿಜಾರು ಪಾಚಿಯಿಂದ ಜಾರುತ್ತದೆ, ಬಿದ್ದವರಿಗೆ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ಚೊಂಬಿಗೆ ಹಗ್ಗ ಕಟ್ಟಿ ಮೇಲಿನಿಂದಲೇ ಎಳೆಯಿರಿ. ಬೇಸಿಗೆಯ ಆರಂಭದಲ್ಲಿ ದುರಸ್ತಿಗೆಂದು ಕಾಲುವೆ ನಿಲ್ಲಿಸುವುದೂ ಉಂಟು, ಅದನ್ನು 'ನಹರ್‌ಬಂದಿ' ಎನ್ನುತ್ತಾರೆ.

ಉಪ್ಪಿನಂಶದ ವಿಷಯಕ್ಕೆ ಹೆಚ್ಚು ಖರ್ಚು ಬೇಡ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವ ಓಆರ್‌ಎಸ್ ಸಾಕು. ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲುಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್, ಇದೇ ಆ ಸೂತ್ರ. ಅದು ಸಿಗದಿದ್ದರೆ ಲೀಟರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಳಿಗಾಲದ ಹಗಲಿಗೆ ಒಂದು ಲೀಟರ್ ಓಆರ್‌ಎಸ್, ಢಾಬಾದಲ್ಲಿ ಉಪ್ಪು ಹಾಕಿದ ಛಾಛ್, ಅಂದರೆ ಮಜ್ಜಿಗೆ, ಇಷ್ಟು ಸಾಕಾಗುತ್ತದೆ. ನೀರಿಗೆ ಹಾಕಿ ಕರಗಿಸುವ ದುಬಾರಿ ಮಾತ್ರೆಗಳ ಅನುಕೂಲ ರುಚಿಯಲ್ಲಷ್ಟೇ. ದಿನವಿಡೀ ಬರಿ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ಅದನ್ನು ಬಾಯಾರಿಕೆ ಎಂದು ತಪ್ಪು ತಿಳಿದು ಇನ್ನಷ್ಟು ಕುಡಿದರೆ ಪ್ರಾಣಕ್ಕೇ ಬರಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಿ. ಓಆರ್‌ಎಸ್‌ಗೆ ಒಂದು ಬಾಟಲಿ ಬೇರೆಯೇ ಇರಲಿ, ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ.

ಟೆಂಟು, ಗೂಟ, ಹಾಸಿಗೆ

ತಾನೇ ನಿಲ್ಲುವ, ಎರಡು ಪದರದ ಟೆಂಟ್ ಮರಳಿಗೆ ಸರಿ. ಗೂಟದ ಬಲದಿಂದಲೇ ನಿಲ್ಲುವ ಹಗುರ ಟೆಂಟುಗಳು ಅರ್ಧ ಕಿಲೋ ಉಳಿಸುತ್ತವೆ, ಆದರೆ ಒಣ ಮರಳಲ್ಲಿ ಜೊತೆಗೆ ಕೊಡುವ ಆರೇಳು ಇಂಚಿನ ಗೂಟ ಬೆರಳಿಂದ ಎಳೆದರೂ ಬರುತ್ತದೆ. ಬದಲಿಗೆ ಹೀಗೆ ಮಾಡಿ: ಬಟ್ಟೆಯ ಚಿಕ್ಕ ಚೀಲಕ್ಕೆ ಮರಳು ತುಂಬಿ ಬಾಯಿ ಕಟ್ಟಿ, ಅದರ ನಡುವಿಗೆ ಟೆಂಟಿನ ಹಗ್ಗ ಬಿಗಿದು, ಒಂದಡಿಗಿಂತ ಆಳಕ್ಕೆ ಹೂತು ಮೇಲೆ ತುಳಿಯಿರಿ. ಗಾಳಿ ಬರುವ ಕಡೆ ಎರಡು, ಹಿಂದೆ ಎರಡು ಸಾಕು. ತಳದ ಮಣ್ಣು ತುಸು ಹಸಿಯಿದ್ದರೆ ಹಿಡಿತ ಇನ್ನೂ ಚೆನ್ನ. ಒಳಪದರ ಪೂರ್ತಿ ಸೊಳ್ಳೆಪರದೆಯ ಬಟ್ಟೆಯದಾಗಿದ್ದರೆ ಗಾಳಿ ಎದ್ದಾಗ ಹಿಟ್ಟಿನಂಥ ಮರಳು ಒಳಗೆ ಜರಡಿ ಹಿಡಿದಂತೆ ಉದುರುತ್ತದೆ. ಕೆಳಗಿನ ಅರ್ಧಕ್ಕಾದರೂ ದಟ್ಟ ಬಟ್ಟೆ ಇರುವುದನ್ನು ಆರಿಸಿ. ಮೊದಲು ಕೈಕೊಡುವುದು ಜಿಪ್. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ದಿನಾ ಒಣಗಾಗಿ ಉಜ್ಜಿ. ಎಣ್ಣೆ ಹಾಕಿದರೆ ಮರಳು ಅಲ್ಲೇ ಅಂಟಿ ಹಲ್ಲು ಸವೆಯುತ್ತದೆ.

ಖರ್ಚು ಕಡಿಮೆ ಇರಲಿ ಎನ್ನುವವರಿಗೆ ಟಾರ್ಪಾಲು, ಸೊಳ್ಳೆಪರದೆ ನಡೆಯುತ್ತದೆ, ಆದರೆ ಢಾಣಿಯ ಗೋಡೆಯ ಮರೆಯಲ್ಲಿ ಮಾತ್ರ. ಬಯಲಲ್ಲಿ ಅದು ಮಂಡಲದ ಹಾವನ್ನು ತಡೆಯುವುದಿಲ್ಲ. ಚಳಿಯಲ್ಲಿ ಹಾವುಗಳ ಓಡಾಟ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೆಜ್ಜೆಯಿಡಬೇಡಿ, ಬೆಳಿಗ್ಗೆ ಬೂಟು ಕೊಡವಿಯೇ ಹಾಕಿಕೊಳ್ಳಿ.

ಮ್ಯಾಟ್ ಫೋಮಿನದೇ ಇರಲಿ. ಗಾಳಿ ತುಂಬುವ ಹಾಸಿಗೆ ಎಷ್ಟೇ ಮೆತ್ತಗಿದ್ದರೂ ನೆಗ್ಗಿಲು ಮುಳ್ಳಿಗೆ ಒಂದು ರಾತ್ರಿಯೂ ಬಾಳುವುದಿಲ್ಲ. ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದಿರುವ ಎರಡು ಅಂಕಿಗಳಲ್ಲಿ 'ಕಂಫರ್ಟ್' ಎಂಬುದು ಸೊನ್ನೆಯಿಂದ ಐದು ಡಿಗ್ರಿ ಇರುವುದನ್ನು ಕೊಳ್ಳಿ. 'ಲಿಮಿಟ್' ನೋಡಿ ಕೊಂಡವರು ರಾತ್ರಿ ಜಾಕೆಟ್ ಹಾಕಿಕೊಂಡು ಕೂರಬೇಕಾಗುತ್ತದೆ. ಒಲೆಯ ಗ್ಯಾಸ್ ಡಬ್ಬ, ಪೆಟ್ರೋಲ್, ಸ್ಪಿರಿಟ್ ಯಾವುದನ್ನೂ ರೈಲಿನಲ್ಲಿ ಒಯ್ಯುವಂತಿಲ್ಲ. ಅಡುಗೆ ಮಾಡುವುದೇ ಆದರೆ ಪೆಟ್ರೋಲಿನಲ್ಲೂ ಉರಿಯುವ ಒಲೆ ಒಯ್ದು, ಇಂಧನವನ್ನು ಬಿಕಾನೇರ್‌ನಲ್ಲಿ ತುಂಬಿಸಿಕೊಳ್ಳಿ.

ಯಾರಿಗೆ ಯಾವುದು

ಮೊದಲ ಸಲ ಹೋಗುವವರು, ಒಂಟಿಯಾಗಿ ಹೋಗುವವರು ನಾಲ್ಕು ಲೀಟರಿನ ಲೆಕ್ಕ ಹಿಡಿಯಿರಿ. ಕೋಲಾಯತ್, ಬಾಪ್ ಅಥವಾ ಅಲ್ಲಿಯ ಢಾಬಾ, ಫಲೋದಿ, ರಾಮ್‌ದೇವ್ರಾ, ಲಾಠಿ, ಜೈಸಲ್ಮೇರ್ ಎಂದು ತಂಗಿದರೆ ಟೆಂಟಿಲ್ಲದೆ, ಒಲೆಯಿಲ್ಲದೆ ಮುಗಿಸಬಹುದು. ಮ್ಯಾಟ್, ಸ್ಲೀಪಿಂಗ್ ಬ್ಯಾಗ್, ಟಿಡಿಎಸ್ ಪೆನ್ನು, ಒಂದು ಪಟ್ಟಿ ಕ್ಲೋರಿನ್ ಮಾತ್ರೆ ಸಾಕು. ಉಳಿದ ದುಡ್ಡನ್ನು ಒಳ್ಳೆಯ ಟಯರಿಗೆ ಹಾಕಿ.

ಇಬ್ಬರು ಮೂವರು ಒಟ್ಟಿಗೆ ಹೋಗುವವರಿಗೆ, ಬಯಲ ರಾತ್ರಿಯೂ ಬೇಕು ಎನ್ನುವವರಿಗೆ ಐದೂವರೆ ಲೀಟರಿನ ಲೆಕ್ಕವೇ ಎಲ್ಲಕ್ಕಿಂತ ಹದವಾದದ್ದು. ಸಂಜೆ ನಾಲ್ಕರ ಹೊತ್ತಿಗೆ ಢಾಬಾ ಮುಟ್ಟಿ, ಹೊಟ್ಟೆ ತುಂಬ ಉಂಡು, ನೀರು ತುಂಬಿಕೊಂಡು, ಐದಾರು ಕಿ.ಮೀ. ಮುಂದೆ ಹೋಗಿ ಬೆಳಕಿರುವಾಗಲೇ ಟೆಂಟ್ ಹಾಕುವುದು. ಒಲೆ, ಪಾತ್ರೆ, ಒಂದೂವರೆ ಲೀಟರ್ ನೀರು ಮೂರೂ ಉಳಿಯುತ್ತವೆ. ಟೆಂಟ್ ಒಂದನ್ನೇ ಹಂಚಿಕೊಂಡರೂ ಮುಟ್ಟದ ಎರಡು ಲೀಟರ್ ಮಾತ್ರ ಪ್ರತಿಯೊಬ್ಬರ ಸೈಕಲ್ ಮೇಲೂ ಇರಲಿ, ಏಕೆಂದರೆ ಹಿಂದೆ ಬಿದ್ದವರಿಗೇ ಅದು ಬೇಕಾಗುವುದು.

ಏಳು ಲೀಟರ್ ಹೊತ್ತು, ಅಡುಗೆಯನ್ನೂ ಮಾಡಿಕೊಂಡು ಬಯಲಲ್ಲೇ ಇರಬೇಕೆನ್ನುವವರು ಮೊದಲು ಬಾಪ್‌ವರೆಗಿನ 125 ಕಿ.ಮೀ.ಯಲ್ಲಿ ಒಂದು ರಾತ್ರಿ ಹಾಗೆ ಕಳೆದು ನೋಡಿ. ಬೆಳಿಗ್ಗೆ ಚಹಾ-ಉಪ್ಪಿಟ್ಟು ಮುಗಿಸಿ ಹೊರಡುವಾಗ ಬಾಟಲಿಗಳಲ್ಲಿ ಎಷ್ಟು ಉಳಿದಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಲೆಕ್ಕದ ಪ್ರಕಾರ 3.8 ಲೀಟರ್ ಇರಬೇಕು. ಮೂರಕ್ಕಿಂತ ಕಡಿಮೆ ಇದ್ದರೆ ಮುಂದಿನ ರಾತ್ರಿಗಳನ್ನು ಫಲೋದಿ, ರಾಮ್‌ದೇವ್ರಾದ ಸೂರಿನಡಿ ಕಳೆಯಿರಿ.